ಬ್ಯಾಟರಿ ಬದಲಿಸಬಹುದಾದ ಸರಳ ವೇಪ್ ಕಿಟ್: ಬ್ಯಾಟರಿ ಆಯ್ಕೆ, ಚಾರ್ಜಿಂಗ್ ಮತ್ತು ಸುರಕ್ಷತೆಯ ಬಗ್ಗೆ ಮಾಹಿತಿ ಬೇಕು

ಲೆಸ್ಟರ್ ಕನ್ನಡಿಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ.

ನಾನು ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ಕೆಲಸದಲ್ಲಿದ್ದೇನೆ, ಊರು ಶಿವಮೊಗ್ಗ. ಕಾಲೇಜಿನ ದಿನಗಳಲ್ಲಿ ಅಂಟಿಕೊಂಡ ಸಿಗರೇಟನ್ನು ಬಿಡಲೇಬೇಕೆಂದು ತೀರ್ಮಾನಿಸಿ, ಇಲ್ಲಿನ ಧೂಮಪಾನ ಬಿಡಿಸುವ ಕೇಂದ್ರದವರ ಸಲಹೆಯಂತೆ ವೇಪ್, ಅಂದರೆ ಬ್ಯಾಟರಿಯಿಂದ ದ್ರವವನ್ನು ಕಾಯಿಸಿ ಆವಿ ಸೇದುವ ಇ-ಸಿಗರೇಟು, ಬಳಸತೊಡಗಿದೆ. ಮೊದಲು ಬಳಸುತ್ತಿದ್ದದ್ದು ಒಮ್ಮೆ ಬಳಸಿ ಎಸೆಯುವ ಬಗೆಯದು. 2025ರ ಜೂನ್ 1ರಿಂದ ಬ್ರಿಟನ್ನಿನಾದ್ಯಂತ ಅವುಗಳ ಮಾರಾಟ ನಿಷೇಧವಾದ ಮೇಲೆ, ಅದೇ ಕಂಪನಿಗಳು ಚಾರ್ಜ್ ಮಾಡಬಹುದಾದ, ಪಾಡ್ ಎಂಬ ಪುಟ್ಟ ವೇಪ್‌ಗಳನ್ನು ಮಾರುತ್ತಿವೆ. ಅಂಥದೊಂದನ್ನು ಈಗ ಬಳಸುತ್ತಿದ್ದೇನೆ. ಆದರೆ ಅದರೊಳಗಿನ ಬ್ಯಾಟರಿ ಸೊರಗಿದರೆ ಇಡೀ ಸಾಧನವನ್ನೇ ಎಸೆಯಬೇಕು. ಇದು ನನಗೆ ಒಪ್ಪಿಗೆಯಾಗುತ್ತಿಲ್ಲ.

ಆದ್ದರಿಂದ ಬ್ಯಾಟರಿಯನ್ನು ಹೊರತೆಗೆದು ಬದಲಿಸಬಹುದಾದ, ಹೆಚ್ಚು ಗುಂಡಿಗಳೂ ಮೆನುಗಳೂ ಇಲ್ಲದ ಒಂದು ಸರಳ ಕಿಟ್ ಕೊಳ್ಳಬೇಕೆಂದಿದ್ದೇನೆ. ಅಂಗಡಿಯಲ್ಲಿ ವಿಚಾರಿಸಿದಾಗ 18650 ಎಂಬ ಒಂದೇ ಬ್ಯಾಟರಿ ಹಾಕುವ ಕಿಟ್ ತೋರಿಸಿದರು. ಬ್ಯಾಟರಿ ಮಾತ್ರ ಕಿಟ್‌ನ ಜೊತೆ ಬರುವುದಿಲ್ಲ, ಬೇರೆಯಾಗಿ ಕೊಳ್ಳಬೇಕು. ಅಂತರ್ಜಾಲದಲ್ಲಿ ನೋಡಿದರೆ ಅದೇ ಅಳತೆಯ ಬ್ಯಾಟರಿಗಳು ನೂರಾರು ಹೆಸರುಗಳಲ್ಲಿ ಸಿಗುತ್ತವೆ. ಕೆಲವುದರ ಮೇಲೆ 2500 ಎಂದಿದ್ದರೆ ಕೆಲವುದರ ಮೇಲೆ 9900 ಎಂದಿದೆ, ಬೆಲೆಯಲ್ಲಿ ಕಡಿಮೆಯಿರುವುದೇ 9900ರದ್ದು.

ನನ್ನ ಪ್ರಶ್ನೆಗಳು ಇವು. ಯಾವ ಬ್ಯಾಟರಿ ಕೊಳ್ಳಬೇಕು, ಅದನ್ನು ತೀರ್ಮಾನಿಸುವುದು ಯಾವ ಲೆಕ್ಕದ ಮೇಲೆ? ಕಿಟ್‌ನಲ್ಲೇ ಯುಎಸ್‌ಬಿ ಕಿಂಡಿ ಇರುವಾಗ ಬೇರೆ ಚಾರ್ಜರ್ ಬೇಕೇ? ಜೇಬಿನಲ್ಲಿ ಬ್ಯಾಟರಿ ಸಿಡಿದು ತೊಡೆ ಸುಟ್ಟುಕೊಂಡವರ ಸುದ್ದಿಗಳನ್ನು ಓದಿದ್ದೇನೆ. ಅದು ಯಾವ ಕಾರಣದಿಂದ ಆಗುತ್ತದೆ, ತಡೆಯುವುದು ಹೇಗೆ? ಮನೆಯಲ್ಲಿ ಎರಡು ವರ್ಷದ ಮಗಳಿದ್ದಾಳೆ, ಆದ್ದರಿಂದ ಈ ವಿಷಯದಲ್ಲಿ ಅಂದಾಜಿನ ಮೇಲೆ ನಡೆಯಲು ನಾನು ಸಿದ್ಧನಿಲ್ಲ. ಕಾಯಿಲ್ (ಬಿಸಿಯಾಗುವ ತಂತಿ) ಮತ್ತು ಲಿಕ್ವಿಡ್ (ಆವಿಯಾಗುವ ದ್ರವ) ಬಗ್ಗೆಯೂ ತಿಳಿದವರು ನಾಲ್ಕು ಮಾತು ಹೇಳಿದರೆ ಉಪಕಾರವಾಗುತ್ತದೆ.

ಧೂಮಪಾನ ಮಾಡದವರು ಇದನ್ನು ಓದಿ ಕುತೂಹಲಕ್ಕೆಂದು ಶುರುಮಾಡಬಾರದೆಂದು ನನ್ನ ಕಡೆಯಿಂದಲೂ ವಿನಂತಿ.


ವಿದ್ಯುತ್ ಮಿತ್ರ

ನಮಸ್ಕಾರ. ನನ್ನ ವೃತ್ತಿ ಬ್ಯಾಟರಿ ಪ್ಯಾಕ್‌ಗಳನ್ನು ಪರೀಕ್ಷಿಸುವುದು; ಸಿಗರೇಟು ಬಿಟ್ಟ ಮೇಲೆ ಇಂಥದೇ ಒಂದು ಕಿಟ್ ಬಳಸಿದ್ದೇನೆ. ನೀವು ಸರಿಯಾದ ಪ್ರಶ್ನೆಯನ್ನು ಸರಿಯಾದ ಹೊತ್ತಿನಲ್ಲಿ ಕೇಳಿದ್ದೀರಿ, ಏಕೆಂದರೆ ಈ ಬಗೆಯ ಕಿಟ್‌ನಲ್ಲಿ ಅಪಾಯವೆಲ್ಲ ಇರುವುದು ಬ್ಯಾಟರಿಯನ್ನು ಕೊಳ್ಳುವ, ಒಯ್ಯುವ ಮತ್ತು ಚಾರ್ಜ್ ಮಾಡುವ ರೀತಿಯಲ್ಲೇ.

18650 ಎಂಬುದು ಕಂಪನಿಯ ಹೆಸರಲ್ಲ, ಅಳತೆ. 18 ಮಿಲಿಮೀಟರ್ ಅಡ್ಡಳತೆ, 65 ಮಿಲಿಮೀಟರ್ ಉದ್ದ, ಕೊನೆಯ ಸೊನ್ನೆ ಅದು ಉರುಳೆಯಾಕಾರದ್ದೆಂದು ಸೂಚಿಸುತ್ತದೆ. ಇದೇ ರೀತಿ 21700 ಎಂದರೆ 21 ಮಿಲಿಮೀಟರ್ ಅಡ್ಡಳತೆಯ, 70 ಮಿಲಿಮೀಟರ್ ಉದ್ದದ ಬ್ಯಾಟರಿ. ಲ್ಯಾಪ್‌ಟಾಪ್, ಡ್ರಿಲ್ಲಿಂಗ್ ಯಂತ್ರ, ವಿದ್ಯುತ್ ಬೈಸಿಕಲ್, ಟಾರ್ಚ್ ಎಲ್ಲದರಲ್ಲೂ ಇದೇ ಅಳತೆಯವು ಇರುತ್ತವೆ. ಅಳತೆ ಒಂದೇ ಆದರೂ ಒಳಗಿನ ರಚನೆ ಬೇರೆ ಬೇರೆ. ಟಾರ್ಚ್‌ಗೆಂದು ತಯಾರಾದದ್ದನ್ನು ವೇಪ್‌ಗೆ ಹಾಕಿ ಹೆಚ್ಚಿನ ವಿದ್ಯುತ್ತನ್ನು ಎಳೆದರೆ ಅದು ಕಾಯುತ್ತದೆ. ಹಳೆಯ ಲ್ಯಾಪ್‌ಟಾಪ್ ಬಿಚ್ಚಿ ತೆಗೆದ ಬ್ಯಾಟರಿಯನ್ನು ಯಾರಾದರೂ ಸ್ನೇಹಿತರು ಪುಕ್ಕಟೆ ಕೊಟ್ಟರೂ ತೆಗೆದುಕೊಳ್ಳಬೇಡಿ.

ನೀವು ನೋಡಬೇಕಾದ ಸಂಖ್ಯೆಗಳು ಎರಡು. ಮೊದಲನೆಯದು ಸಾಮರ್ಥ್ಯ, ಅಂದರೆ ಮಿಲಿಆಂಪಿಯರ್-ಗಂಟೆ. ಎರಡನೆಯದು ನಿರಂತರವಾಗಿ ಎಷ್ಟು ಆಂಪಿಯರ್ ಕೊಡಬಲ್ಲದು ಎಂಬುದು, ಸುರಕ್ಷತೆಯ ದೃಷ್ಟಿಯಿಂದ ಇದೇ ಮುಖ್ಯ. ಇವೆರಡೂ ಒಂದಕ್ಕೊಂದು ಎದುರಾಳಿಗಳು. ಒಂದೇ ಗಾತ್ರದ ಡಬ್ಬಿಯಲ್ಲಿ ಒಂದನ್ನು ಹೆಚ್ಚಿಸಿದರೆ ಸಾಮಾನ್ಯವಾಗಿ ಇನ್ನೊಂದನ್ನು ಬಿಟ್ಟುಕೊಡಬೇಕಾಗುತ್ತದೆ. ಉದಾಹರಣೆಗೆ, ಸ್ಯಾಮ್‌ಸಂಗ್ 25ಆರ್ ಎಂಬುದು 2500 ಸಾಮರ್ಥ್ಯದ್ದು, 20 ಆಂಪಿಯರ್ ಕೊಡುತ್ತದೆ. ಅದೇ ಕಂಪನಿಯ 30ಕ್ಯೂ 3000 ಸಾಮರ್ಥ್ಯದ್ದು, 15 ಆಂಪಿಯರ್ ಕೊಡುತ್ತದೆ. 18650 ಅಳತೆಯಲ್ಲಿ ಜಗತ್ತಿನ ಒಳ್ಳೆಯ ಕಾರ್ಖಾನೆಗಳು ತಯಾರಿಸುವ ಬ್ಯಾಟರಿಗಳ ಸಾಮರ್ಥ್ಯವೇ 3500ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಹಾಗಿರುವಾಗ 9900 ಎಂದು ಬರೆದಿರುವುದು ಸುಳ್ಳು. ಸಾಮರ್ಥ್ಯದ ಬಗ್ಗೆ ಸುಳ್ಳು ಬರೆದವನು ಒಳಗೆ ಏನು ತುಂಬಿದ್ದಾನೆಂಬುದನ್ನು ನಂಬುವುದು ಹೇಗೆ? ಆ ಕಡೆ ಕಣ್ಣೆತ್ತಿಯೂ ನೋಡಬೇಡಿ.

ಈಗ ನಿಮ್ಮ ಕಿಟ್‌ಗೆ ಎಷ್ಟು ಆಂಪಿಯರ್ ಬೇಕೆಂದು ಲೆಕ್ಕ ಹಾಕೋಣ. ಸಿಗರೇಟಿನಂತೆ ಮೊದಲು ಬಾಯಿಗೆ ಎಳೆದುಕೊಂಡು ನಂತರ ಎದೆಗೆ ತೆಗೆದುಕೊಳ್ಳುವ ಸರಳ ಕಿಟ್‌ಗಳು ಸಾಮಾನ್ಯವಾಗಿ 10ರಿಂದ 15 ವ್ಯಾಟ್‌ನಲ್ಲಿ ನಡೆಯುತ್ತವೆ. ಬ್ಯಾಟರಿ ತುಂಬಿದಾಗ 4.2 ವೋಲ್ಟ್ ಇರುತ್ತದೆ, ಬರಿದಾಗುತ್ತಾ ಬಂದಂತೆ ಸುಮಾರು 3.2 ವೋಲ್ಟ್‌ಗೆ ಇಳಿದಾಗ ಕಿಟ್ ತಾನಾಗಿ ನಿಲ್ಲುತ್ತದೆ. ವ್ಯಾಟ್ ಸ್ಥಿರವಾಗಿದ್ದು ವೋಲ್ಟ್ ಇಳಿದರೆ ಆಂಪಿಯರ್ ಏರಬೇಕು. ಆದ್ದರಿಂದ ಲೆಕ್ಕವನ್ನು ಕೊನೆಯ ಹಂತಕ್ಕೇ ಹಾಕಬೇಕು. ಸರ್ಕ್ಯೂಟಿನ ದಕ್ಷತೆಯನ್ನು ಶೇಕಡಾ 90 ಎಂದಿಟ್ಟುಕೊಂಡರೆ, 15 ವ್ಯಾಟನ್ನು 3.2ರ ಶೇಕಡಾ 90ರಿಂದ, ಅಂದರೆ 2.88ರಿಂದ ಭಾಗಿಸಿದಾಗ ಸುಮಾರು 5.2 ಆಂಪಿಯರ್ ಬರುತ್ತದೆ. 15 ಅಥವಾ 20 ಆಂಪಿಯರ್ ಕೊಡಬಲ್ಲ ಬ್ಯಾಟರಿ ಹಾಕಿದರೆ ಅದು ಬೆವರುವುದೇ ಇಲ್ಲ. ಇದೇ ಕಿಟ್‌ನಲ್ಲಿ ಯಾರಾದರೂ 60 ವ್ಯಾಟ್‌ಗೆ ಏರಿಸಿದರೆ ಲೆಕ್ಕ 21 ಆಂಪಿಯರ್ ಆಸುಪಾಸಿಗೆ ಹೋಗುತ್ತದೆ, ಆಗ 15 ಆಂಪಿಯರ್‌ನ ಬ್ಯಾಟರಿ ಸಾಲದು. ಕಡಿಮೆ ವ್ಯಾಟ್‌ನ ಸರಳ ಕಿಟ್ ಆರಿಸಿದ್ದೀರಿ ಎಂಬುದೇ ನಿಮ್ಮ ಮೊದಲ ರಕ್ಷಣೆ.

ಕಿಟ್ ಆರಿಸುವಾಗ ಒಳಗೆ ಸರ್ಕ್ಯೂಟ್ ಇರುವುದನ್ನೇ ಆರಿಸಿ. ಶಾರ್ಟ್ ಆದರೆ, ಬ್ಯಾಟರಿ ತಿರುಗುಮುರುಗು ಹಾಕಿದರೆ, ಗುಂಡಿಯನ್ನು ಬಹಳ ಹೊತ್ತು ಒತ್ತಿ ಹಿಡಿದರೆ ಅಂಥ ಕಿಟ್ ತಾನೇ ನಿಲ್ಲುತ್ತದೆ. ಸರ್ಕ್ಯೂಟ್ ಇಲ್ಲದ, ಬರೀ ಲೋಹದ ಕೊಳವೆಯಂತಿರುವ ಮೆಕ್ಯಾನಿಕಲ್ ಸಾಧನಗಳಲ್ಲಿ ಬ್ಯಾಟರಿಗೂ ಕಾಯಿಲ್‌ಗೂ ನಡುವೆ ಯಾವ ಕಾವಲೂ ಇಲ್ಲ, 0.15 ಓಮ್‌ನ ಕಾಯಿಲ್ ಹಾಕಿದರೆ ತುಂಬಿದ ಬ್ಯಾಟರಿಯಿಂದ 28 ಆಂಪಿಯರ್ ಹರಿಯುತ್ತದೆ. ಅವು ನಮಗೆ ಬೇಡ. ಎಲೀಫ್ ಕಂಪನಿಯ ಐಸ್ಟಿಕ್ ಪೀಕೋ, ಇನೋಕಿನ್‌ನ ಕೂಲ್‌ಫೈರ್ ಜ಼ಡ್80 ಇವು ಒಂದೇ 18650 ಹಾಕುವ, ಸರ್ಕ್ಯೂಟ್ ಇರುವ ಸಾಧನಗಳಿಗೆ ಒಳ್ಳೆಯ ಉದಾಹರಣೆಗಳು. ಎರಡು ಬ್ಯಾಟರಿಯ ಕಿಟ್ ತೆಗೆದುಕೊಂಡರೆ ಎರಡನ್ನೂ ಒಟ್ಟಿಗೇ ಕೊಂಡು, ಒಟ್ಟಿಗೇ ಚಾರ್ಜ್ ಮಾಡಿ, ಒಟ್ಟಿಗೇ ನಿವೃತ್ತಗೊಳಿಸಬೇಕು. ಸರಳತೆ ಬೇಕೆಂದಿದ್ದೀರಿ, ಆದ್ದರಿಂದ ಒಂದೇ ಇರಲಿ.

ಜೇಬಿನಲ್ಲಿ ಸಿಡಿಯುವ ವಿಷಯಕ್ಕೆ ಬರುತ್ತೇನೆ. ಒಮ್ಮೆ ಬ್ಯಾಟರಿಯನ್ನು ಕೈಯಲ್ಲಿ ಹಿಡಿದು ಬೆಳಕಿನಲ್ಲಿ ನೋಡಿ. ಮೇಲಿನ ತುದಿಯಲ್ಲಿ ಒಂದು ಚಿಕ್ಕ ಲೋಹದ ಬಿಲ್ಲೆ ಇರುತ್ತದೆ, ಅದು ಧನ ತುದಿ. ಅದರ ಸುತ್ತ ಕಾಗದದಂಥ ಒಂದು ಉಂಗುರ, ಸಾಮಾನ್ಯವಾಗಿ ಬಿಳಿಯದು. ಆ ಉಂಗುರದಾಚೆಗಿನ ಅಂಚು, ಪಕ್ಕದ ಗೋಡೆ, ತಳ ಎಲ್ಲವೂ ಒಂದೇ ಉಕ್ಕಿನ ಡಬ್ಬಿ, ಮತ್ತು ಆ ಇಡೀ ಡಬ್ಬಿ ಋಣ ತುದಿ. ತೆಳ್ಳನೆಯ ಪ್ಲಾಸ್ಟಿಕ್ ಹೊದಿಕೆ ಅದನ್ನು ಮುಚ್ಚಿದೆ, ಅಷ್ಟೇ. ಅಂದರೆ ಮೇಲ್ಭಾಗದಲ್ಲಿ ಧನಕ್ಕೂ ಋಣಕ್ಕೂ ನಡುವೆ ಇರುವ ಅಂತರ ಒಂದೆರಡು ಮಿಲಿಮೀಟರ್ ಮಾತ್ರ. ಹೊದಿಕೆ ಅಂಚಿನಲ್ಲಿ ಹರಿದಿದ್ದಾಗ ಒಂದು ಬೀಗದ ಕೈಯೋ ಒಂದು ನಾಣ್ಯವೋ ಅಲ್ಲಿ ಅಡ್ಡ ಬಿದ್ದರೆ ಸಾಕು, ಶಾರ್ಟ್ ಆಗುತ್ತದೆ. ಹೊದಿಕೆ ಸರಿಯಿದ್ದರೂ ಬೀಗದ ಕೈಗೊಂಚಲು ಎರಡೂ ತುದಿಗಳನ್ನು ಸೇರಿಸಬಲ್ಲದು. ಜೇಬಿನಲ್ಲಿ ಸುಟ್ಟುಕೊಂಡವರ ಕತೆಗಳಲ್ಲಿ ಮತ್ತೆ ಮತ್ತೆ ಕಾಣುವುದು ಇದೇ ಕಾರಣ. ಬಿಡಿ ಬ್ಯಾಟರಿಯನ್ನು ಬಿಡಿಯಾಗಿ ಒಯ್ಯಲೇಬೇಡಿ. ಪ್ಲಾಸ್ಟಿಕ್‌ನ ಪುಟ್ಟ ಡಬ್ಬಿ ಒಂದೆರಡು ಪೌಂಡಿಗೆ ಸಿಗುತ್ತದೆ, ಬ್ಯಾಟರಿ ಕಿಟ್‌ನಲ್ಲಿರಬೇಕು ಅಥವಾ ಡಬ್ಬಿಯಲ್ಲಿರಬೇಕು, ಮೂರನೆಯ ಜಾಗವಿಲ್ಲ.

ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 2021ರಲ್ಲಿ ಬಿಡಿ 18650 ಬ್ಯಾಟರಿಗಳನ್ನು ಕೊಳ್ಳಲೇಬೇಡಿ ಎಂದು ಎಚ್ಚರಿಸಿತು. ತಯಾರಕ ಕಂಪನಿಗಳೂ ಇವು ಪ್ಯಾಕ್‌ಗಳೊಳಗೆ ಬಳಸಲು ಮಾಡಿದವು, ಬಿಡಿಯಾಗಿ ವೇಪ್‌ಗೆ ಮಾರಲು ಅಲ್ಲ ಎನ್ನುತ್ತವೆ. ಇದನ್ನು ನಿಮ್ಮಿಂದ ಮುಚ್ಚಿಡುವುದು ಸರಿಯಲ್ಲ. ಬ್ಯಾಟರಿಯನ್ನು ಮುಟ್ಟುವ, ಬದಲಿಸುವ ಶಿಸ್ತು ತಮಗೆ ಆಗದು ಎನ್ನುವವರಿಗೆ ಒಳಗೇ ಬ್ಯಾಟರಿ ಇರುವ ಕಿಟ್ ಉತ್ತಮ. ಆ ಶಿಸ್ತು ಇದ್ದವರಿಗೆ ಬದಲಿಸಬಹುದಾದದ್ದು ವರ್ಷಗಟ್ಟಲೆ ಬಾಳುತ್ತದೆ.

ಚಾರ್ಜಿಂಗ್‌ಗೆ ಬೇರೆ ಚಾರ್ಜರ್ ಕೊಳ್ಳಿ ಎಂಬುದೇ ನನ್ನ ಸಲಹೆ. ಯುಎಸ್‌ಬಿ ಕಿಂಡಿಯಿಂದ ಚಾರ್ಜ್ ಮಾಡಬಾರದೆಂದೇನಿಲ್ಲ, ಆದರೆ ಆಗ ಬ್ಯಾಟರಿಯ ಕಾವು ಕಿಟ್‌ನೊಳಗೇ ಉಳಿಯುತ್ತದೆ, ಕಿಂಡಿ ಸವೆದರೆ ಕಿಟ್ಟೂ ಹೋಗುತ್ತದೆ. ಹೊರಗಿನ ಚಾರ್ಜರ್‌ನಲ್ಲಿ 1 ಆಂಪಿಯರ್ ವೇಗ ಸಾಕು, 4.2 ವೋಲ್ಟ್ ತಲುಪಿದಾಗ ಅದು ತಾನೇ ನಿಲ್ಲಿಸುವಂಥದ್ದಾಗಿರಬೇಕು. ನೀವು ಎಚ್ಚರವಾಗಿರುವಾಗ, ಗಟ್ಟಿ ನೆಲದ ಮೇಲೆ ಚಾರ್ಜ್ ಮಾಡಿ, ಹಾಸಿಗೆ ಅಥವಾ ಸೋಫಾದ ಮೇಲೆ ಬೇಡ. ಎರಡು ಬ್ಯಾಟರಿ ಇಟ್ಟುಕೊಂಡರೆ ಒಂದು ಚಾರ್ಜ್ ಆಗುವಾಗ ಇನ್ನೊಂದು ಬಳಕೆಯಲ್ಲಿರುತ್ತದೆ. ಚಳಿಗಾಲದಲ್ಲಿ ರಾತ್ರಿಯಿಡೀ ಕಾರಿನಲ್ಲಿ ಬಿಟ್ಟ ಬ್ಯಾಟರಿಯನ್ನು ತಂದ ಕೂಡಲೇ ಚಾರ್ಜರ್‌ಗೆ ಹಾಕಬೇಡಿ. ಸೊನ್ನೆ ಡಿಗ್ರಿಗಿಂತ ತಣ್ಣಗಿರುವಾಗ ಚಾರ್ಜ್ ಮಾಡಿದರೆ ಒಳಗೆ ಲಿಥಿಯಂ ಲೋಹವಾಗಿ ಕಟ್ಟಿಕೊಂಡು ಶಾಶ್ವತ ಹಾನಿಯಾಗುತ್ತದೆ. ಕೋಣೆಯ ಬಿಸುಪಿಗೆ ಬರುವವರೆಗೆ ಕಾಯಿರಿ.

ಒಂದು ಬ್ಯಾಟರಿ ಎಷ್ಟು ಹೊತ್ತು ಬರುತ್ತದೆಂಬ ಕುತೂಹಲವಿದ್ದರೆ: 3000 ಸಾಮರ್ಥ್ಯದ್ದರಲ್ಲಿ ಸುಮಾರು 10.8 ವ್ಯಾಟ್-ಗಂಟೆ ಶಕ್ತಿಯಿದೆ. 12 ವ್ಯಾಟ್‌ನಲ್ಲಿ ಮೂರು ಮೂರು ಸೆಕೆಂಡಿನ ದಮ್ಮು ಎಳೆದರೆ, ನಷ್ಟವನ್ನೆಲ್ಲ ಕಳೆದು ಏಳು ನೂರಕ್ಕೂ ಹೆಚ್ಚು ದಮ್ಮು ಸಿಗಬೇಕು. ಒಮ್ಮೆ ಬಳಸಿ ಎಸೆಯುತ್ತಿದ್ದ ಇಡೀ ಸಾಧನದ ಮೇಲೆ ಬರೆದಿರುತ್ತಿದ್ದದ್ದು 600. 2023ರಲ್ಲಿ ಬ್ರಿಟನ್ನಿನಲ್ಲಿ ಅಂಥ ಸಾಧನಗಳು ವಾರಕ್ಕೆ ಸುಮಾರು 50 ಲಕ್ಷದಷ್ಟು ಕಸಕ್ಕೆ ಹೋಗುತ್ತಿದ್ದವೆಂಬ ಅಂದಾಜಿತ್ತು. ಪ್ರತಿಯೊಂದರಲ್ಲೂ ಒಂದು ಲಿಥಿಯಂ ಬ್ಯಾಟರಿ. ನೀವು ಎಸೆಯಲು ಮನಸ್ಸಿಲ್ಲ ಎಂದದ್ದನ್ನು ಓದಿ ನನಗೆ ನಿಜಕ್ಕೂ ಸಂತೋಷವಾಯಿತು.


ಕೊಡಗಿನ ಮಂಜು

ವಿದ್ಯುತ್ ಮಿತ್ರ ಅವರು ಬ್ಯಾಟರಿಯ ಬಗ್ಗೆ ಹೇಳಿದ ಮೇಲೆ ಸೇರಿಸಲು ಏನೂ ಉಳಿದಿಲ್ಲ. ಮ್ಯಾಂಚೆಸ್ಟರ್‌ನಲ್ಲಿ ಓದುವಾಗ ವೇಪ್ ಅಂಗಡಿಯೊಂದರಲ್ಲಿ ಅರೆಕಾಲಿಕ ಕೆಲಸ ಮಾಡಿದ್ದರಿಂದ, ಕಾಯಿಲ್ ಮತ್ತು ಲಿಕ್ವಿಡ್ ವಿಷಯದಲ್ಲಿ ಹೊಸಬರು ಏನನ್ನು ಕೇಳಿಕೊಂಡು ಹಿಂತಿರುಗಿ ಬರುತ್ತಿದ್ದರೋ ಅದನ್ನಷ್ಟೇ ಹೇಳುತ್ತೇನೆ.

ಬಹುತೇಕರ ದೂರು ಒಂದೇ, ಸುಟ್ಟ ರುಚಿ ಬರುತ್ತಿದೆ ಎಂಬುದು. ಕಾಯಿಲ್ ಎಂದರೆ ಒಂದು ಸಣ್ಣ ತಂತಿಯ ಸುರುಳಿ, ಅದರ ಸುತ್ತ ಹತ್ತಿ. ಆ ಹತ್ತಿ ಲಿಕ್ವಿಡ್ ಹೀರಿಕೊಂಡು ತಂತಿಗೆ ಒದಗಿಸುತ್ತಿರಬೇಕು. ಹೊಸ ಕಾಯಿಲ್ ಹಾಕಿದ ತಕ್ಷಣ ಎಳೆದರೆ ಒಣಗಿದ ಹತ್ತಿ ಕರಟಿ ಹೋಗುತ್ತದೆ, ಒಮ್ಮೆ ಕರಟಿದ ಮೇಲೆ ಆ ಕಾಯಿಲ್ ಸರಿಹೋಗುವುದಿಲ್ಲ. ಆದ್ದರಿಂದ ಹೊಸ ಕಾಯಿಲ್‌ನ ಪಕ್ಕದ ಕಿಂಡಿಗಳಲ್ಲಿ ಕಾಣುವ ಹತ್ತಿಗೆ ಒಂದೊಂದು ತೊಟ್ಟು ಲಿಕ್ವಿಡ್ ಹಾಕಿ, ಟ್ಯಾಂಕ್ ತುಂಬಿ, ಹತ್ತು ನಿಮಿಷ ಹಾಗೆಯೇ ನಿಲ್ಲಿಸಿ. ನಂತರ ಕಾಯಿಲ್ ಮೇಲೆ ಬರೆದಿರುವ ವ್ಯಾಟ್‌ಗಳಲ್ಲಿ ಅತಿ ಕಡಿಮೆಯದರಿಂದ ಶುರುಮಾಡಿ ನಿಧಾನವಾಗಿ ಏರಿಸಿ. ನಿಮಗೆ 1 ಓಮ್ ಅಥವಾ ಅದಕ್ಕಿಂತ ತುಸು ಹೆಚ್ಚಿನ ಕಾಯಿಲ್ ಹೊಂದುತ್ತದೆ. ಸಾಮಾನ್ಯವಾಗಿ ಒಂದರಿಂದ ಎರಡು ವಾರ ಬರುತ್ತದೆ. ಸಿಹಿ ಹೆಚ್ಚಿರುವ ಲಿಕ್ವಿಡ್ ಆದರೆ ಸಿಹಿಯ ಅಂಶ ತಂತಿಯ ಮೇಲೆ ಕಪ್ಪಗೆ ಕಟ್ಟಿ ಬೇಗ ಹಾಳಾಗುತ್ತದೆ.

ಲಿಕ್ವಿಡ್‌ನಲ್ಲಿ ಇರುವುದು ಪ್ರೊಪೈಲಿನ್ ಗ್ಲೈಕಾಲ್, ಸಸ್ಯಜನ್ಯ ಎಣ್ಣೆಯಿಂದ ತೆಗೆದ ಗ್ಲಿಸರಿನ್, ಪರಿಮಳ ಮತ್ತು ನಿಕೋಟಿನ್. ಗ್ಲಿಸರಿನ್ ಹೆಚ್ಚಾದಷ್ಟೂ ಲಿಕ್ವಿಡ್ ಗಟ್ಟಿ. ನಿಮ್ಮಂಥ ಕಿಟ್‌ನ ಕಾಯಿಲ್‌ನಲ್ಲಿ ಕಿಂಡಿಗಳು ಚಿಕ್ಕವಿರುವುದರಿಂದ ಎರಡೂ ಸಮಪಾಲಿರುವುದನ್ನು ಕೊಳ್ಳಿ. ಗ್ಲಿಸರಿನ್ 70 ಭಾಗ ಇರುವುದನ್ನು ಹಾಕಿದರೆ ಹತ್ತಿಗೆ ಸಾಕಷ್ಟು ಬೇಗ ಇಳಿಯದೆ ಮತ್ತೆ ಅದೇ ಸುಟ್ಟ ರುಚಿ. ಬ್ರಿಟನ್ನಿನ ಕಾನೂನಿನ ಪ್ರಕಾರ ನಿಕೋಟಿನ್ ಮಿಲಿಲೀಟರಿಗೆ 20 ಮಿಲಿಗ್ರಾಂ ಮೀರುವಂತಿಲ್ಲ, ನಿಕೋಟಿನ್ ಇರುವ ಬಾಟಲಿ 10 ಮಿಲಿಲೀಟರ್ ಮೀರುವಂತಿಲ್ಲ, ಟ್ಯಾಂಕ್ 2 ಮಿಲಿಲೀಟರ್ ಮೀರುವಂತಿಲ್ಲ. ಇದಕ್ಕಿಂತ ದೊಡ್ಡದನ್ನು ಯಾರಾದರೂ ಕೌಂಟರ್ ಕೆಳಗಿನಿಂದ ತೆಗೆದುಕೊಟ್ಟರೆ ಅದು ಪರಿಶೀಲನೆಗೆ ಒಳಪಟ್ಟ ಮಾಲಲ್ಲ ಎಂದು ತಿಳಿಯಿರಿ. ಇಲ್ಲಿ ಕಾನೂನುಬದ್ಧವಾಗಿ ಮಾರುವ, ನಿಕೋಟಿನ್ ಇರುವ ಪ್ರತಿ ಲಿಕ್ವಿಡ್‌ನ ವಿವರವೂ ಔಷಧ ನಿಯಂತ್ರಣ ಸಂಸ್ಥೆಯಾದ ಎಂಎಚ್‌ಆರ್‌ಎ ಬಳಿ ದಾಖಲಾಗಿರಬೇಕು.

ಖರ್ಚಿನ ಒಂದು ಮಾತು. ಸರ್ಕಾರ 2026ರ ಅಕ್ಟೋಬರ್ 1ರಿಂದ ಪ್ರತಿ 10 ಮಿಲಿಲೀಟರ್ ಲಿಕ್ವಿಡ್‌ಗೆ 2.20 ಪೌಂಡ್ ಸುಂಕ ಗೊತ್ತುಮಾಡಿದೆ, ನಿಕೋಟಿನ್ ಇಲ್ಲದ್ದಕ್ಕೂ ಅದು ಅನ್ವಯ. ಕಡಿಮೆ ವ್ಯಾಟ್‌ನ ಕಿಟ್ ಲಿಕ್ವಿಡ್ ಕಡಿಮೆ ಕುಡಿಯುತ್ತದೆ ಎಂಬುದು ಆ ದೃಷ್ಟಿಯಿಂದಲೂ ನಿಮಗೆ ಅನುಕೂಲ.


ಧಾರವಾಡದ ಓದುಗ

ಇಷ್ಟೆಲ್ಲ ಲೆಕ್ಕ ಹಾಕಿ, ಬ್ಯಾಟರಿಯನ್ನು ಜೋಪಾನ ಮಾಡಿ, ಕಾಯಿಲ್ ನೆನೆಸಿ ಸೇದುವ ಬದಲು ಪೂರ್ತಿ ಬಿಟ್ಟುಬಿಡುವುದೇ ಒಳಿತಲ್ಲವೇ? ವಿಶ್ವ ಆರೋಗ್ಯ ಸಂಸ್ಥೆ ಇವುಗಳನ್ನು ಸಿಗರೇಟು ಬಿಡಿಸುವ ಸಾಧನವೆಂದು ಸಲಹೆ ಮಾಡುವುದಿಲ್ಲ. ನಮ್ಮ ದೇಶದಲ್ಲಂತೂ ಮಾರುವುದೇ ಅಪರಾಧ. ಒಂದು ಚಟದಿಂದ ಇನ್ನೊಂದಕ್ಕೆ ಹೋಗುವುದನ್ನು ನಾವು ಇಷ್ಟು ಮನಸ್ಸಿಟ್ಟು ಚರ್ಚಿಸುವುದು ಎಳೆಯರಿಗೆ ಯಾವ ಸಂದೇಶ ಕೊಡುತ್ತದೆಂಬ ಚಿಂತೆ ನನಗಿದೆ. ಕೇಳಿದವರ ಮೇಲೆ ನನಗೆ ಯಾವ ಅಸಮಾಧಾನವೂ ಇಲ್ಲ.


ಔಷಧಾಲಯ

ಧಾರವಾಡದ ಓದುಗರ ಚಿಂತೆ ನ್ಯಾಯವಾದದ್ದು. ನಾನು ಬರ್ಮಿಂಗ್‌ಹ್ಯಾಮ್‌ನಲ್ಲಿ ಔಷಧ ತಜ್ಞೆ. ಸಿಗರೇಟು ಬಿಡಲು ಬರುವವರೊಂದಿಗೆ ಮಾತಾಡುವುದು ನನ್ನ ನಿತ್ಯದ ಕೆಲಸದ ಭಾಗ.

ವಿಶ್ವ ಆರೋಗ್ಯ ಸಂಸ್ಥೆಗೂ ಬ್ರಿಟನ್ನಿನ ಆರೋಗ್ಯ ಸೇವೆಗೂ ಈ ವಿಷಯದಲ್ಲಿ ಭಿನ್ನಾಭಿಪ್ರಾಯವಿದೆ. ಇಲ್ಲಿನ ನಿಲುವು ಹೀಗೆ: ವೇಪ್ ನಿರಪಾಯಕಾರಿಯಲ್ಲ, ಧೂಮಪಾನ ಮಾಡದವರೂ ಮಕ್ಕಳೂ ಅದನ್ನು ಮುಟ್ಟಬಾರದು, ಆದರೆ ಈಗಾಗಲೇ ಸಿಗರೇಟು ಸೇದುತ್ತಿರುವ ವಯಸ್ಕರಿಗೆ ಅದು ಸಿಗರೇಟಿಗಿಂತ ಬಹಳ ಕಡಿಮೆ ಹಾನಿಕರ. ಕಾರಣ ಸರಳ. ಸಿಗರೇಟಿನಲ್ಲಿ ಎಲೆ ಉರಿಯುತ್ತದೆ, ಉರಿಯುವುದರಿಂದ ಟಾರ್ ಮತ್ತು ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತವೆ. ವೇಪ್‌ನಲ್ಲಿ ಉರಿಯಿಲ್ಲ, ಬರೀ ಕಾಯಿಸಿ ಆವಿ ಮಾಡುವುದು. ನಿಕೋಟಿನ್ ಇರುವ ವೇಪ್ ಬಳಸಿದವರಲ್ಲಿ ಸಿಗರೇಟು ಬಿಟ್ಟವರ ಪ್ರಮಾಣ, ಮೈಗೆ ಅಂಟಿಸುವ ನಿಕೋಟಿನ್ ಪಟ್ಟಿ ಅಥವಾ ಗಮ್ ಬಳಸಿದವರಿಗಿಂತ ಹೆಚ್ಚೆಂದು, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ ಸಮೀಕ್ಷೆ ಗಟ್ಟಿ ಆಧಾರದ ಮೇಲೆ ಹೇಳಿದೆ. ದೀರ್ಘಕಾಲದ ಪರಿಣಾಮಗಳು ಪೂರ್ತಿ ತಿಳಿಯಲು ಇನ್ನೂ ವರ್ಷಗಳು ಬೇಕು ಎಂಬುದೂ ಅಷ್ಟೇ ನಿಜ.

ಪ್ರಶ್ನೆ ಕೇಳಿದವರಿಗೆ ನಾನು ಒತ್ತಿ ಹೇಳುವುದು, ಬದಲಾದರೆ ಪೂರ್ತಿ ಬದಲಾಗಿ. ಬೆಳಗ್ಗೆ ಒಂದೆರಡು ಸಿಗರೇಟು, ಉಳಿದ ಹೊತ್ತು ವೇಪ್ ಎಂದು ನಡೆಸಿದರೆ ಲಾಭ ಬಹಳ ಕಡಿಮೆ. ನಿಕೋಟಿನ್ ಪ್ರಮಾಣವನ್ನು ಮೊದಲ ದಿನವೇ ಕಡಿಮೆ ಇಟ್ಟುಕೊಂಡು, ತೃಪ್ತಿಯಾಗದೆ ಮತ್ತೆ ಸಿಗರೇಟಿಗೆ ಹೋದವರನ್ನು ಅನೇಕ ಬಾರಿ ನೋಡಿದ್ದೇನೆ. ಸಿಗರೇಟು ನೆನಪಾಗದಷ್ಟು ನಿಕೋಟಿನ್ ಮೊದಲು ಇರಲಿ. ಮನಸ್ಸು ನೆಲೆಗೊಂಡ ಮೇಲೆ ಮಿಲಿಲೀಟರಿಗೆ 20 ಮಿಲಿಗ್ರಾಂನಿಂದ 10ಕ್ಕೆ, ಅಲ್ಲಿಂದ 6ಕ್ಕೆ, 3ಕ್ಕೆ ಇಳಿಸುತ್ತಾ ಬನ್ನಿ. ಇಳಿಸಿದಾಗ ಅರಿವಿಲ್ಲದೆ ಹೆಚ್ಚು ಹೆಚ್ಚು ಎಳೆಯುವುದುಂಟು, ಅದು ಕಂಡರೆ ಆ ಮೆಟ್ಟಿಲಿನಲ್ಲೇ ಇನ್ನಷ್ಟು ಕಾಲ ನಿಲ್ಲಿ. ವೇಪ್ ಬೇಡ ಎನ್ನುವವರಿಗೆ ವರೆನಿಕ್ಲಿನ್, ಸೈಟಿಸಿನ್ ಎಂಬ ಮಾತ್ರೆಗಳೂ ಇಲ್ಲಿ ಲಭ್ಯವಿವೆ.

ಯಾರೂ ಹೇಳದ ಒಂದು ವಿಷಯವಿದೆ. ಸಿಗರೇಟಿನ ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ನಮ್ಮ ಯಕೃತ್ತು ಔಷಧಗಳನ್ನು ಕರಗಿಸುವ ವೇಗವನ್ನು ಹೆಚ್ಚಿಸುತ್ತವೆ. ಆ ಕೆಲಸ ಮಾಡುವುದು ನಿಕೋಟಿನ್ ಅಲ್ಲ, ಹೊಗೆ. ಸಿಗರೇಟು ನಿಲ್ಲಿಸಿದಾಗ ಆ ವೇಗ ಇಳಿದು, ಅದೇ ಪ್ರಮಾಣದ ಔಷಧ ರಕ್ತದಲ್ಲಿ ಹೆಚ್ಚಾಗಿ ನಿಲ್ಲುತ್ತದೆ. ಉಸಿರಾಟದ ತೊಂದರೆಗೆ ಥಿಯೋಫಿಲಿನ್, ಮಾನಸಿಕ ಕಾಯಿಲೆಗೆ ಕ್ಲೋಜಪೈನ್ ಅಥವಾ ಓಲಾಂಜಪೈನ್ ತೆಗೆದುಕೊಳ್ಳುವವರು ವೇಪ್‌ಗೆ ಬದಲಾಗುವ ಮುನ್ನ ವೈದ್ಯರಿಗೆ ತಿಳಿಸಲೇಬೇಕು.

ಮಗುವಿನ ವಿಷಯ. ಲಿಕ್ವಿಡ್‌ನಲ್ಲಿರುವ ನಿಕೋಟಿನ್ ವಿಷ, ಹಣ್ಣಿನ ಪರಿಮಳದ್ದಾದರೆ ಮಗುವನ್ನು ಸೆಳೆಯುತ್ತದೆ ಕೂಡ. ಒತ್ತಿ ತಿರುಗಿಸುವ ಮುಚ್ಚಳ ಮಗುವನ್ನು ತಡಮಾಡಿಸುತ್ತದೆಯೇ ಹೊರತು ತಡೆಯುತ್ತದೆಂಬ ಖಾತರಿಯಿಲ್ಲ. ಬೀಗವಿರುವ ಕಪಾಟಿನಲ್ಲಿ, ಎತ್ತರದಲ್ಲಿ ಇಡಿ, ಟ್ಯಾಂಕ್ ತುಂಬಿದ ಕಿಟ್ಟನ್ನೂ ಅಲ್ಲಿಯೇ ಇಡಿ. ಕೈಗೆ ಚೆಲ್ಲಿದರೆ ಸೋಪು ನೀರಿನಲ್ಲಿ ತೊಳೆದ ಮೇಲೆಯೇ ಮಗುವನ್ನು ಎತ್ತಿಕೊಳ್ಳಿ. ಮಗು ನುಂಗಿದ ಅನುಮಾನ ಬಂದರೂ ಕಾದು ನೋಡದೆ ಇಲ್ಲಿನ ತುರ್ತು ಸಂಖ್ಯೆ 999ಕ್ಕೆ ಕರೆಮಾಡಿ.


ಲೆಸ್ಟರ್ ಕನ್ನಡಿಗ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಧಾರವಾಡದ ಓದುಗರ ಮಾತನ್ನೂ ನಾನು ಗೌರವಿಸುತ್ತೇನೆ. ಪೂರ್ತಿ ಬಿಡುವುದೇ ನನ್ನ ಗುರಿ, ಇದು ಅದರ ದಾರಿ.

ಇನ್ನೆರಡು ಸಂದೇಹಗಳು ಉಳಿದಿವೆ. ತಂಗಿಯ ಮದುವೆಗೆ ಊರಿಗೆ ಬರುವುದಿದೆ. ಸ್ವಂತ ಬಳಕೆಗೆಂದು ಒಂದು ಕಿಟ್ಟನ್ನು ಜೊತೆಗೆ ತರಬಹುದೇ? ಮತ್ತೆ, ಬ್ಯಾಟರಿಯ ಹೊದಿಕೆ ಹರಿದರೆ ಏನು ಮಾಡಬೇಕು, ಹಳೆಯದಾದಾಗ ಎಲ್ಲಿ ಕೊಡಬೇಕು?


ಹೊಯ್ಸಳ ಬೀದಿ

ಮೊದಲ ಪ್ರಶ್ನೆಗೆ ನನ್ನ ಉತ್ತರ, ದಯವಿಟ್ಟು ತರಬೇಡಿ. ಬೆಂಗಳೂರಿನಲ್ಲಿ ವಕೀಲನಾಗಿ ಇದನ್ನು ಹೇಳುತ್ತಿದ್ದೇನೆ.

ಕರ್ನಾಟಕ ಸರ್ಕಾರ 2016ರಲ್ಲೇ ರಾಜ್ಯದಲ್ಲಿ ಇ-ಸಿಗರೇಟುಗಳನ್ನು ನಿಷೇಧಿಸಿತ್ತು. ಕೇಂದ್ರ ಸರ್ಕಾರ 2019ರ ಸೆಪ್ಟೆಂಬರ್‌ನಲ್ಲಿ ಸುಗ್ರೀವಾಜ್ಞೆ ತಂದು, ಅದೇ ವರ್ಷದ ಡಿಸೆಂಬರ್‌ನಲ್ಲಿ ಅದನ್ನು ಕಾಯ್ದೆಯಾಗಿಸಿತು. ತಯಾರಿಕೆ, ಆಮದು, ರಫ್ತು, ಸಾಗಣೆ, ಮಾರಾಟ, ವಿತರಣೆ, ದಾಸ್ತಾನು, ಜಾಹೀರಾತು ಎಲ್ಲವೂ ಅದರಡಿ ನಿಷಿದ್ಧ. ಆಮದು ಅಥವಾ ಮಾರಾಟದ ಮೊದಲ ಅಪರಾಧಕ್ಕೆ ಒಂದು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಮತ್ತೆ ಮಾಡಿದರೆ ಮೂರು ವರ್ಷದವರೆಗೆ ಸೆರೆವಾಸ ಮತ್ತು ಐದು ಲಕ್ಷದವರೆಗೆ ದಂಡ. ದಾಸ್ತಾನಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ 50,000 ರೂಪಾಯಿವರೆಗೆ ದಂಡ ಅಥವಾ ಎರಡೂ. ನಿಕೋಟಿನ್ ಇಲ್ಲದ ಸಾಧನವೂ, ಅದರ ಬಿಡಿಭಾಗಗಳೂ ನಿಷೇಧದೊಳಗೆ ಬರುತ್ತವೆ. ಸ್ವಂತ ಬಳಕೆಗೆಂದು ತಂದೆ ಎಂಬ ವಾದವನ್ನು ಕೆಂಪೇಗೌಡ ವಿಮಾನ ನಿಲ್ದಾಣದ ಕಸ್ಟಮ್ಸ್ ಕೌಂಟರಿನಲ್ಲಿ ನಿಂತು ಪರೀಕ್ಷಿಸುವ ಅಗತ್ಯ ನಿಮಗಿಲ್ಲ, ಅದೂ ಮದುವೆ ಮನೆಗೆ ಹೊರಟಾಗ.

ಊರಿನಲ್ಲಿರುವಷ್ಟು ದಿನ ನಿಕೋಟಿನ್ ಗಮ್ ಇಟ್ಟುಕೊಳ್ಳಿ, 2 ಮಿಲಿಗ್ರಾಂನದು ಇಲ್ಲಿನ ಔಷಧಿ ಅಂಗಡಿಗಳಲ್ಲೇ ಸಿಗುತ್ತದೆ. ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ 1800-11-2356 ಉಚಿತ, ಬೆಂಗಳೂರಿನ ನಿಮ್ಹಾನ್ಸ್ ಅದರ ಕೇಂದ್ರಗಳಲ್ಲೊಂದಾಗಿದ್ದು ಕನ್ನಡದಲ್ಲಿ ಮಾತಾಡಬಹುದು. ನಿಮ್ಮ ಮನೆಯಲ್ಲಿ ಬೀಡಿಯೋ ಸಿಗರೇಟೋ ಬಿಡಬೇಕೆನ್ನುವ ಹಿರಿಯರಿದ್ದರೆ ಅವರಿಗೂ ಈ ಸಂಖ್ಯೆ ಕೊಡಿ.

ನಿಷೇಧವಿಲ್ಲದ ದೇಶಗಳಿಗೆ ಹೋಗುವಾಗ ಮಾತ್ರ ಅನ್ವಯಿಸುವ ಮಾತು: ಕಿಟ್ಟೂ ಬಿಡಿ ಬ್ಯಾಟರಿಯೂ ಕೈಚೀಲದಲ್ಲೇ ಇರಬೇಕು, ವಿಮಾನದ ಹೊಟ್ಟೆಗೆ ಹೋಗುವ ಸಾಮಾನಿನಲ್ಲಿ ಇಡುವಂತಿಲ್ಲ. ವಿಮಾನದಲ್ಲಿ ವೇಪ್ ಬಳಸುವಂತೆಯೂ ಇಲ್ಲ, ಅದನ್ನು ಚಾರ್ಜ್ ಮಾಡುವಂತೆಯೂ ಇಲ್ಲ.


ವಿದ್ಯುತ್ ಮಿತ್ರ

ಎರಡನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಹೊದಿಕೆಯಲ್ಲಿ ಸಣ್ಣ ಸೀಳು ಕಂಡರೂ ಆ ಬ್ಯಾಟರಿಯನ್ನು ಬಳಕೆಯಿಂದ ತೆಗೆದಿಡಿ. 18650 ಅಳತೆಯ ಹೊಸ ಹೊದಿಕೆಗಳು ವೇಪ್ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಹಳೆಯದನ್ನು ಬೆರಳಿನಿಂದಲೇ ಸುಲಿಯಿರಿ, ಬ್ಲೇಡ್ ಬೇಡ. ಮೇಲಿನ ಉಂಗುರ ತನ್ನ ಜಾಗದಲ್ಲಿದೆಯೇ ನೋಡಿ, ಹಾಳಾಗಿದ್ದರೆ ಅದನ್ನೂ ಬದಲಿಸಿ. ಹೊಸ ಹೊದಿಕೆಯೊಳಗೆ ಬ್ಯಾಟರಿ ಇಳಿಸಿ, ಎರಡೂ ತುದಿಗಳಲ್ಲಿ ಸಮನಾಗಿ ಉಳಿಯುವಂತೆ ಹಿಡಿದು, ಕೂದಲು ಒಣಗಿಸುವ ಯಂತ್ರದಿಂದ ತುಸು ದೂರದಿಂದ ಕೆಲವೇ ಕ್ಷಣ ಬಿಸಿಗಾಳಿ ಕೊಟ್ಟರೆ ಅದು ಕುಗ್ಗಿ ಅಂಟಿಕೊಳ್ಳುತ್ತದೆ. ಬೆಂಕಿಕಡ್ಡಿ, ಲೈಟರ್ ಹತ್ತಿರ ತರಬೇಡಿ. ಸುತ್ತುವ ಮುನ್ನ ಬ್ಯಾಟರಿಯ ಮಾದರಿ ಮತ್ತು ಕೊಂಡ ತಿಂಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ಹೊಸ ಹೊದಿಕೆಯ ಮೇಲೆ ನಮೂದಿಸಿ, ಇಲ್ಲದಿದ್ದರೆ ಮುಂದೆ ಯಾವುದು ಯಾವುದೆಂದು ತಿಳಿಯುವುದಿಲ್ಲ.

ಬ್ಯಾಟರಿಯ ಉಕ್ಕಿನ ಡಬ್ಬಿಯೇ ತಗ್ಗಿದ್ದರೆ, ಬಿದ್ದು ಏಟಾಗಿದ್ದರೆ, ಸೋರಿದ ಗುರುತಿದ್ದರೆ, ಚಾರ್ಜ್ ಆಗುವಾಗ ಕೈಗೆ ಬಿಸಿ ತಾಗುವಷ್ಟು ಕಾಯುತ್ತಿದ್ದರೆ ಹೊಸ ಹೊದಿಕೆಯಿಂದ ಪ್ರಯೋಜನವಿಲ್ಲ, ಅದನ್ನು ಬಿಟ್ಟುಬಿಡಬೇಕು. ಮನೆಯ ಕಸದ ಬುಟ್ಟಿಗೆ ಹಾಕಬೇಡಿ. ಕಸದ ಲಾರಿಯಲ್ಲಿ ಒತ್ತಿದಾಗ ಹೊತ್ತಿಕೊಳ್ಳುತ್ತದೆ, ಆ ಬೆಂಕಿಯನ್ನು ಎದುರಿಸಬೇಕಾದವರು ಲಾರಿಯ ಕೆಲಸಗಾರರು. ಎರಡೂ ತುದಿಗಳಿಗೆ ಇನ್ಸುಲೇಷನ್ ಟೇಪ್ ಸುತ್ತಿ ಊರಿನ ಮರುಬಳಕೆ ಕೇಂದ್ರಕ್ಕೆ ಕೊಡಿ. ಬ್ರಿಟನ್ನಿನಲ್ಲಿ ವೇಪ್ ಮಾರುವ ಅಂಗಡಿಗಳು ಹಳೆಯ ವೇಪ್ ಸಾಧನಗಳನ್ನು ಹಿಂದಕ್ಕೆ ಪಡೆಯಲೇಬೇಕು, ಆದ್ದರಿಂದ ನೀವು ಈಗ ಬಳಸುತ್ತಿರುವ ಪಾಡನ್ನು ಹೊಸ ಕಿಟ್ ಕೊಳ್ಳಲು ಹೋದಾಗ ಅಲ್ಲಿಯೇ ಕೊಟ್ಟು ಬನ್ನಿ.